ಮಾಯವಾದ ಹದಿನಾರು ಬಣ್ಣಗಳು, ಉಳಿದುಕೊಂಡ ಒಂದು ಸೆರಗು

ಕಳೆದ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಇಳಕಲ್ಲಿನ ಬಣ್ಣಗಾರರ ಮನೆಯೊಂದರ ಪಡಸಾಲೆಯಲ್ಲಿ, ಹದಿನಾರು ಬಣ್ಣಗಳು ಕಾಣೆಯಾದವು. ನಾಲ್ಕು ಜನ ಸಾಕ್ಷಿಗಳಿದ್ದರು. ಕಳ್ಳನನ್ನು ಹುಡುಕುವ ಅಗತ್ಯವೂ ಬೀಳಲಿಲ್ಲ. ಅವನು ಲ್ಯಾಪ್‌ಟಾಪಿನ ಮುಂದೆ ಚಕ್ಕಳಮಕ್ಕಳ ಹಾಕಿಕೊಂಡು ಕುಳಿತಿದ್ದ.

ನಾನೇ.

ನನ್ನ ಓದುಗರಿಗೆ ಗೊತ್ತಿರುವಂತೆ, ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು. ಹುನಗುಂದದ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಜೋಡಿಸುತ್ತ ಬೆಳೆದೆ. ಇಂಗ್ಲಿಷನ್ನು ಕಲಿತದ್ದು ಅಲ್ಲಿಗೆ ಬರುತ್ತಿದ್ದ ಕೋರ್ಟಿನ ಫಾರ್ಮುಗಳಿಂದ. (ಹೀಗಾಗಿ ಆ ಭಾಷೆಯಲ್ಲಿ ಕುಶಲ ಕೇಳಲು ಇಂದಿಗೂ ತಡವರಿಸುತ್ತೇನೆ, ಜಪ್ತಿಯ ನೋಟೀಸನ್ನು ಮಾತ್ರ ಸರಾಗವಾಗಿ ಬರೆಯಬಲ್ಲೆ.) ಈಗ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ವೆಬ್‌ಸೈಟ್ ಕಟ್ಟುವುದನ್ನು ಕಲಿತಿದ್ದೇನೆ. ಗುರುಗಳು ಯಾರೂ ಇಲ್ಲ. ಆದ್ದರಿಂದ ಕಣ್ಣುಮುಚ್ಚಿ ನಂಬಬೇಕಾದವರೂ ಯಾರೂ ಇಲ್ಲ.

ವೆಬ್ ಪುಟವನ್ನು ಸಿಂಗರಿಸುವ ವಿದ್ಯೆಯಲ್ಲಿ ಮೊದಲ ಉಪದೇಶ ಒಂದಿದೆ: ಪುಟದ ವಿಷಯ ಒಂದು ಫೈಲಿನಲ್ಲಿರಲಿ, ಅದರ ಅಲಂಕಾರ ಬೇರೆ ಫೈಲಿನಲ್ಲಿರಲಿ, ಎರಡನ್ನೂ ಬೆರೆಸಬೇಡಿ. ಏಕೆ ಬೆರೆಸಬಾರದು? ನಾಲ್ಕಾರು ಕಡೆ ಹುಡುಕಿದೆ. ಒಬ್ಬರು ಹೇಳಿದ್ದನ್ನೇ ಇನ್ನೊಬ್ಬರು ಹೇಳಿದ್ದರು. ಸಾಕ್ಷಿ ಒಂದೇ, ಪ್ರತಿಗಳು ಹಲವು!

ಹಾಗಿರುವಾಗ ನನ್ನ ಕೈಗೆ ಸಿಕ್ಕಿದ್ದು ‘ಯುಟಿಲಿಟಿ’ ಬಗೆಯ ಒಂದು ಫ್ರೇಮ್‌ವರ್ಕ್. ಅದರಲ್ಲಿ ಪುಟ್ಟಪುಟ್ಟ ಹೆಸರುಗಳಿರುತ್ತವೆ. ಒಂದೊಂದು ಹೆಸರಿಗೆ ಒಂದೊಂದೇ ಕೆಲಸ. ಅಂಚನ್ನು ಗುಂಡಗೆ ಮಾಡಲು ಒಂದು, ಸುತ್ತ ಜಾಗ ಬಿಡಲು ಒಂದು, ಹಿನ್ನೆಲೆಗೆ ಬಣ್ಣ ತುಂಬಲು ಒಂದು. ಬೇಕಾದ ಹೆಸರುಗಳನ್ನು ಆರಿಸಿ, ಬೇಕಾದ ಜಾಗದಲ್ಲಿಯೇ ಸಾಲಾಗಿ ಬರೆದರೆ ಮುಗಿಯಿತು. ಬೇರೆ ಫೈಲಿಗೆ ಅಲೆದಾಡಬೇಕಿಲ್ಲ. ನೋಡಿದ ಕೂಡಲೇ ನನಗೆ ಹಳೆಯ ಗೆಳೆಯನನ್ನು ಕಂಡಂತಾಯಿತು. ನಲವತ್ತು ವರ್ಷ ನಾನು ಮಾಡಿದ್ದೇನು? ಮರದ ಕೇಸಿನ ಮನೆಗಳಿಂದ ಚಿಕ್ಕ ಚಿಕ್ಕ ಮೊಳೆ ಆರಿಸಿ, ಬೇಕಾದಲ್ಲಿ ಕೂರಿಸಿದ್ದು!

ನನ್ನ ಅಣ್ಣನ ಮಗ ಶ್ರೀಧರ ಬಾಗಲಕೋಟೆಯಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾನೆ. ಫೋನಿನಲ್ಲಿ ನನ್ನ ಸಂಭ್ರಮ ಕೇಳಿ ಮೂಗು ಮುರಿದ.

“ಕಾಕಾ, ನೋಡಾಕ ಭಾಳ ಹೊಲಸ ಕಾಣತೈತ್ರಿ. ಒಂದು ಗುಂಡಿಗೆ ಹದಿನಾಲ್ಕು ಹೆಸರಾ?”

“ನಿನ್ನ ಮದವಿ ಪತ್ರಿಕಿಯೊಳಗ ಎಷ್ಟು ಮಂದಿ ಹೆಸರು ಹಾಕಿಸಿದ್ದಿ, ನೆನಪೈತೇನು? ಅವನ್ನ ಜೋಡಿಸಿದಾಂವ ನಾನ.”

ನಕ್ಕ. ನಕ್ಕ ಮೇಲೆ ಒಂದು ಎಚ್ಚರಿಕೆ ಕೊಟ್ಟ. “ಆತು, ಬರೀರಿ. ಆದ್ರ ಹೆಸರು ತುಂಡು ಮಾಡಿ ಜೋಡಿಸಬ್ಯಾಡ್ರಿ. ಆ ಫ್ರೇಮ್‌ವರ್ಕ್ ನಿಮ್ಮ ಫೈಲ್ ಎಲ್ಲಾ ಓದತೈತಿ. ಹೆಸರು ಇಡಿಯಾಗಿ ಎಲ್ಲೆರ ಕಂಡ್ರಷ್ಟ ಅದರ ಬಣ್ಣಾ ತಯಾರ ಮಾಡತೈತಿ. ಕೈಪಿಡಿಯೊಳಗ ಬರದಾರ ನೋಡ್ರಿ.”

“ಬರದವ್ರು ಇಳಕಲ್ಲಿಗೆ ಬಂದು ನೋಡ್ಯಾರೇನು?” ಎಂದು ಫೋನ್ ಇಟ್ಟೆ.

ಈಗ ಬಣ್ಣಗಾರರ ಮನೆಗೆ ಬರೋಣ.

ನಮ್ಮ ಓಣಿಯ ರಾಜೇಸಾಬ ಸೀರೆಯ ನೂಲಿಗೆ ಬಣ್ಣ ಹಾಕುವುದರಲ್ಲಿ ಹೆಸರಾದವರು. ಕಣ್ಣು ಮಂದವಾದ ಮೇಲೆ ಬಣ್ಣದ ಹಂಡೆ ಮಗಳು ಮೆಹಬೂಬಿಯ ಕೈಗೆ ಬಂದಿದೆ. ತಂದೆಯ ಒಂಬತ್ತು ಬಣ್ಣಗಳ ಜೊತೆಗೆ ಆಕೆ ತನ್ನವೇ ಏಳು ಬಣ್ಣಗಳನ್ನು ಹದಕ್ಕೆ ತಂದಿದ್ದಾಳೆ. ಅವುಗಳಲ್ಲಿ ಒಂದರ ಹೆಸರು ‘ಬದಾಮಿ ಕಲ್ಲು’. ಬದಾಮಿಯ ಗುಡ್ಡದ ಬುಡದಿಂದ ಒಂದು ಚಿಟಿಕೆ ಕೆಂಪು ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಬಂದು, ಅದಕ್ಕೆ ಹೊಂದುವವರೆಗೆ ಹನ್ನೊಂದು ಲಡಿ ನೂಲು ಕೆಡಿಸಿದಳಂತೆ.

ಆದರೆ ನೇಕಾರರು ಆ ಏಳನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. “ನಿಮ್ಮಪ್ಪನ ಬಣ್ಣಾನ ಇರಲಿ” ಎನ್ನುತ್ತಿದ್ದರು. ಬರೀ ನೂಲಿನ ಲಡಿ ನೋಡಿ ಸೀರೆಯನ್ನು ಊಹಿಸುವುದು ಅವರಿಗೂ ಕಷ್ಟವಿದ್ದೀತು. ಮೆಹಬೂಬಿ ಒಂದು ದಿನ ನನ್ನಲ್ಲಿಗೆ ಬಂದಳು.

“ಕಾಕಾ, ನಂದ್ ಒಂದ ಬಣ್ಣಾ ಒಬ್ಬರೆರ ಒಂದ್ಸಲ ನೇದ್ರ ಸಾಕ್ರಿ. ಇಲ್ಲಾಂದ್ರ ನಾ ಜೀವನಪೂರ್ತಿ ಅಬ್ಬಾನ ಕೈಯಾಗಿನ ಕೋಲು ತಿರವತೇನಿ, ಅಷ್ಟ.”

ಅದಕ್ಕೆಂದೇ ಪುಟ ಕಟ್ಟಿದೆ. ಪರದೆಯ ಮೇಲೆ ಒಂದು ಸೀರೆ. ಕೆಳಗೆ ಗುಂಡಿಗಳ ಎರಡು ಸಾಲು, ಒಡಲಿಗೊಂದು, ಅಂಚಿನ ದಡಿಗೊಂದು. ಯಾವ ಬಣ್ಣ ಒತ್ತಿದರೂ ಸೀರೆ ಆ ಬಣ್ಣಕ್ಕೆ ತಿರುಗಬೇಕು. ಸೆರಗಿಗೆ ಆಯ್ಕೆ ಇಲ್ಲ. ಇಳಕಲ್ಲಿನಲ್ಲಿ ಸೆರಗು ಕೆಂಪೇ. (ಫ್ರೇಮ್‌ವರ್ಕ್ ಬಳಸಿದರೆ ಎಲ್ಲ ಪುಟಗಳೂ ಒಂದೇ ಅಚ್ಚಿನಲ್ಲಿ ಎರೆದಂತೆ ಕಾಣುತ್ತವೆ ಎಂಬುದು ಇನ್ನೊಂದು ಪ್ರಸಿದ್ಧ ಮಾತು. ಮೆಹಬೂಬಿಯ ಹದಿನಾರು ಬಣ್ಣಗಳನ್ನೂ ಅವಳಿಟ್ಟ ಹೆಸರುಗಳಲ್ಲಿಯೇ ಅದಕ್ಕೆ ಕಲಿಸಿದೆ. ತಕರಾರಿಲ್ಲದೆ ಕಲಿಯಿತು.)

ಮೊದಲು ಒಂದು ಪರೀಕ್ಷಾ ಪುಟ ಮಾಡಿ, ಹದಿನಾರೂ ಬಣ್ಣಗಳ ಹೆಸರನ್ನು ಇಡಿಯಾಗಿ ಬರೆದು ನೋಡಿದೆ. ಸರಿಯಾಗಿತ್ತು. ಸೀರೆಯ ಪುಟದಲ್ಲಿ ಮಾತ್ರ ನನ್ನ ಕೈ ತನ್ನ ಹಳೆಯ ದಾರಿ ಹಿಡಿಯಿತು. ಹಿನ್ನೆಲೆ ಎಂಬ ಅರ್ಥದ ‘ಬಿಜಿ’ ಒಂದು ಕಡೆ, ಬಣ್ಣದ ಹೆಸರು ಇನ್ನೊಂದು ಕಡೆ. ಗುಂಡಿ ಒತ್ತಿದಾಗ ಎರಡೂ ಕೂಡಿಕೊಳ್ಳಲಿ. ಇಡೀ ಪದವನ್ನು ಯಾವ ಕಂಪೋಸಿಟರ್ ತಾನೆ ಕೇಸಿನಲ್ಲಿ ತುಂಬಿಡುತ್ತಾನೆ? ಬಿಡಿ ಮೊಳೆಗಳಿದ್ದರೆ ಸಾಲದೇ? ಬಣ್ಣಗಳು ಥಟ್ಟನೆ ಬಂದವು. ಶ್ರೀಧರನ ಕೈಪಿಡಿ ಸುಳ್ಳಾಯಿತೆಂದು ನನಗೆ ಬಹಳ ಸುಖವಾಯಿತು.

ಶನಿವಾರ ಸಂಜೆ, ಕೆಲಸ ಮುಗಿದ ಮೇಲೆ, ಪರೀಕ್ಷಾ ಪುಟವನ್ನು ಅಳಿಸಿ ಸೈಟನ್ನು ಕೊನೆಯ ಬಾರಿ ಅಂತರ್ಜಾಲಕ್ಕೆ ಏರಿಸಿದೆ. ಇದೂ ಪ್ರೆಸ್ಸಿನ ಶಿಸ್ತು. ಅಚ್ಚಾದ ಮೇಲೆ ಜೋಡಿಸಿದ್ದನ್ನು ಬಿಚ್ಚಿ ಮೊಳೆಗಳನ್ನು ಅವುಗಳ ಮನೆಗೆ ಮರಳಿಸದೆ ನಾವು ಊಟಕ್ಕೆ ಏಳುತ್ತಿರಲಿಲ್ಲ. ಏರಿಸಿದ್ದನ್ನು ಮತ್ತೆ ತೆರೆದು ನೋಡಲಿಲ್ಲ. ಮೊಳೆ ಬಿಚ್ಚಿದರೆ ಅಚ್ಚಾದ ಹಾಳೆಯ ಅಕ್ಷರ ಅಳಿಸುತ್ತದೆಯೇ?

ಅಳಿಸುತ್ತದೆ ಎಂದು ಭಾನುವಾರ ತಿಳಿಯಿತು.

ಗುಡೂರಿನಿಂದ ನೇಕಾರ ಸಂಗಪ್ಪ, ಅವನ ಹೆಂಡತಿ ಗೌರವ್ವ ಬಂದಿದ್ದರು. ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದೆಳೆ, ಏರಿಸಬೇಕಿತ್ತು. ಬಣ್ಣ ಆರಿಸಲು ಬಂದಿದ್ದರು. ಅವರು ಒಪ್ಪಿದರೆ ಉಳಿದ ಮಗ್ಗಗಳೂ ಒಪ್ಪಿಯಾವೆಂಬುದು ಮೆಹಬೂಬಿಯ ಲೆಕ್ಕ. ಚಹಾ ಆಯಿತು. ರಾಜೇಸಾಬರು ಗೋಡೆಗೆ ಒರಗಿ ಕುಳಿತರು. ಮೆಹಬೂಬಿ ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸಿ, “ನೋಡ್ರಿ, ಇದು ಬದಾಮಿ ಕಲ್ಲು” ಎಂದು ಗುಂಡಿ ಒತ್ತಿದಳು.

ಸೀರೆ ಬೆಳ್ಳಗಾಯಿತು.

ದಾಳಿಂಬರಿ ಒತ್ತಿದಳು. ಬಿಳಿ. ನವಿಲು ಹಸಿರು. ಬಿಳಿ. ದಡಿಯೂ ಬಿಳಿ. ಕೆಂಪು ಸೆರಗೊಂದು ಒಂಟಿಯಾಗಿ ಜೋತುಬಿದ್ದಿತ್ತು.

ಸಂಗಪ್ಪ ಪರದೆಯ ಹತ್ತಿರ ಬಗ್ಗಿ ನೋಡಿದ. “ಬಣ್ಣಾ ಹಾಕೂದ್ಕಿಂತ ಮೊದಲ ಒಗದ ಒಣಗಿಸ್ದಂಗೈತಲ್ಲವಾ! ನಿಮ್ಮಪ್ಪನ ಬಣ್ಣಾ ನಾಕು ವರ್ಷ ಒಗದ್ರೂ ಹೋಗತಿದ್ದಿಲ್ಲ.”

“ಹೋಗ್ಲಿ ಬಿಡ್ರಿ, ಮೆರೂನ ಇರಲಿ” ಎಂದು ಸಂಗಪ್ಪನೇ ಎದ್ದುನಿಲ್ಲಲು ಮೊಣಕಾಲಿಗೆ ಕೈ ಊರಿದ. “ಅದು ಹಿರೇರ ಕಾಲದ್ದು. ಕಲ್ಲಿನ ಬಣ್ಣಾ ಉಟ್ಕೊಂಡು ಯಾರು ಮದವಿಗಿ ಹೋಗತಾರ?”

ಮೆಹಬೂಬಿಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಪರದೆಯನ್ನೇ ನೋಡಿದೆ. ಎಲ್ಲವೂ ಹೋಗಿರುವಾಗ ಸೆರಗು ಹೇಗೆ ಉಳಿಯಿತು?

ಸೆರಗಿಗೆ ಆಯ್ಕೆ ಇರಲಿಲ್ಲ. ಆದ್ದರಿಂದ ಅದರ ಬಣ್ಣದ ಹೆಸರನ್ನು ನಾನು ತುಂಡು ಮಾಡಿರಲಿಲ್ಲ, ಇಡಿಯಾಗಿ ಬರೆದಿದ್ದೆ. ಉಳಿದ ಹದಿನಾರು ಇಡಿಯಾಗಿ ಇದ್ದದ್ದು ಪರೀಕ್ಷಾ ಪುಟದಲ್ಲಿ ಮಾತ್ರ. ಇಷ್ಟು ದಿನ ಬಣ್ಣ ಬರುತ್ತಿದ್ದುದು ಆ ಪುಟದ ಪುಣ್ಯದಿಂದ. ಅದನ್ನು ನಾನು ಶಿಸ್ತಾಗಿ ಗುಡಿಸಿ ಹಾಕಿದ್ದೆ!

ಶ್ರೀಧರ ಹೇಳಿದ್ದ. ಕೈಪಿಡಿ ಹೇಳಿತ್ತು. ಲೋಕದ ಮಾತನ್ನೆಲ್ಲ ತಿರುಗಿಸಿ ಮುರುಗಿಸಿ ನೋಡುವ ನಾನು ನನ್ನ ಹತ್ತು ಬೆರಳುಗಳ ಮಾತನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಸಂಶಯ ಪಡುವುದೇ ಆದರೆ ಮನೆಯಿಂದ ಆರಂಭಿಸಬೇಕಿತ್ತು.

“ಸಂಗಪ್ಪ, ಹತ್ತು ನಿಮಿಷ ಕೂಡು. ತಪ್ಪು ನಂದು, ಬಣ್ಣದ್ದಲ್ಲ” ಎಂದೆ.

“ಪ್ರೆಸ್ಸಿನವ್ರು ತಪ್ಪು ಒಪ್ಪಿಕೊಂಡ್ರಂದ್ರ ಕೂಡಾಕಬೇಕು ಬಿಡ್ರಿ” ಎಂದು ಗೌರವ್ವ ಗಂಡನ ಅಂಗಿ ಹಿಡಿದು ಕೂರಿಸಿದಳು. “ನನ್ನ ಮದವಿ ಪತ್ರಿಕಿಯೊಳಗ ನನ್ನ ಹೆಸರ ತಪ್ಪ ಹಾಕಿದಾಗೂ ಒಪ್ಪಿದ್ದಿಲ್ಲ, ಇವ್ರು!”

(ಆ ವಿಷಯದಲ್ಲಿ ನನ್ನ ನಿಲುವು ಬದಲಾಗಿಲ್ಲ. ಬರೆದುಕೊಟ್ಟವರದೇ ತಪ್ಪು.)

ಹದಿನಾರು ಹೆಸರುಗಳನ್ನು ಹದಿನಾರು ಸಾಲಾಗಿ, ಒಂದಕ್ಷರ ಕತ್ತರಿಸದೆ, ಇಡಿಯಾಗಿ ಬರೆದೆ. ಮೆಹಬೂಬಿ ಪಕ್ಕದಲ್ಲಿ ಕುಳಿತು ಒಂದೊಂದೇ ಹೇಳುತ್ತ ಹೋದಳು. ಅವಳ ದನಿ ಮೊದಲು ಸಣ್ಣದಾಗಿತ್ತು. ಐದಾರು ಹೆಸರು ಆಗುವಷ್ಟರಲ್ಲಿ ಗೌರವ್ವ, “ಅದ್ಯಾವ್ದವಾ, ಹುಣಸಿ ಚಿಗರು? ಹೆಂಗಿರತೈತಿ?” ಎಂದು ನಡುವೆ ಬಾಯಿ ಹಾಕತೊಡಗಿದಳು. ದನಿ ತಾನಾಗಿ ಏರಿತು. ಸೈಟನ್ನು ಮತ್ತೆ ಏರಿಸಿದೆ. ಈ ಸಲ ತೆರೆದು ನೋಡಿದೆ.

ಒಡಲಿಗೆ ನವಿಲು ಹಸಿರು ಬಂದು ಕುಳಿತಿತು. ಪಡಸಾಲೆಯೇ ‘ಹೋ’ ಎಂದಿತು.

ಅಲ್ಲಿಂದ ಮುಂದೆ ಲ್ಯಾಪ್‌ಟಾಪ್ ನನ್ನ ಕೈಗೆ ಮರಳಲಿಲ್ಲ. ಗೌರವ್ವ ಅದನ್ನು ತೊಡೆಯ ಮೇಲೆಳೆದುಕೊಂಡಳು. ಒಡಲು ಬದಲಿಸಿದಳು, ದಡಿ ಬದಲಿಸಿದಳು, ಎರಡನ್ನೂ ಅದಲುಬದಲು ಮಾಡಿದಳು. ಮಗ್ಗದ ಮುಂದೆ ಇಷ್ಟು ವರ್ಷ ಕಳೆದವಳು, ನೂಲು ಖರ್ಚಾಗದೆ, ಒಂದು ಹನಿ ಬಣ್ಣ ಚೆಲ್ಲದೆ, ಹತ್ತು ನಿಮಿಷದಲ್ಲಿ ಮೂವತ್ತು ಸೀರೆ ನೇಯ್ದಳು. ಕೊನೆಗೆ ಒಂದು ಕಡೆ ಬೆರಳು ನಿಂತಿತು. ಬದಾಮಿ ಕಲ್ಲಿನ ಒಡಲು, ಮೆರೂನ್ ದಡಿ.

“ಇದ ಆಗ್ಲಿ.”

“ಕಲ್ಲ ಅದು!” ಎಂದ ಸಂಗಪ್ಪ.

“ನೀ ಉಡತೀಯೇನು? ಉಡಾಕಿ ನಾ.”

ಸಂಗಪ್ಪ ನನ್ನ ಮುಖ ನೋಡಿದ. ನಾನು ಚಾವಣಿ ನೋಡಿದೆ. ಮೆಹಬೂಬಿ ಓಡಿಹೋಗಿ ಆ ಬಣ್ಣದ ಲಡಿ ತಂದು ಗೌರವ್ವನ ಕೈಗಿಟ್ಟಳು. ಗೌರವ್ವ ಅದನ್ನು ಬಾಗಿಲ ಬಿಸಿಲಿಗೆ ಹಿಡಿದಳು, ಹಿಂಡಿದಳು, ಮೂಸಿದಳು, ತನ್ನ ಮುಂಗೈ ಮೇಲೆ ಹಾಸಿಕೊಂಡು ಗಂಡನಿಗೆ ತೋರಿಸಿದಳು. ಅವನು ಲಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, “ದಡಿ ಮೆರೂನ ಐತೆಲ್ಲ, ನಡೀತೈತಿ. ಅದಾದ್ರೂ ಹಿರೇರ ಕಾಲದ್ದು” ಎಂದು ಒಪ್ಪಿಗೆಗೆ ತಾನೇ ಒಂದು ದಾರಿ ಮಾಡಿಕೊಂಡ. ಒಂದು ಹಾಸಿನಷ್ಟು ನೂಲಿಗೆ ಆ ಬಣ್ಣ ಹಾಕುವ ಮಾತು ಗಟ್ಟಿಯಾಯಿತು. ಮೆಹಬೂಬಿ ಹಂಡೆಯ ಒಲೆ ಹೊತ್ತಿಸಲು ಹೊರಟೇಬಿಟ್ಟಳು. ನಾಳೆ ಎನ್ನುವಷ್ಟು ತಾಳ್ಮೆ ಅವಳಲ್ಲಿ ಉಳಿದಿರಲಿಲ್ಲ.

ಅಲ್ಲಿಯವರೆಗೆ ಗೋಡೆಗೆ ಒರಗಿ ಕಣ್ಣುಮುಚ್ಚಿದ್ದ ರಾಜೇಸಾಬರು ನಗಲು ಶುರುಮಾಡಿದರು.

“ಯಾವ ಹಿರೇರೋ, ಸಂಗಪ್ಪಾ? ಮೆರೂನ ಮೊದಲ ಹಾಕಿದಾಂವ ನಾನ. ಮೊದಲ ಲಡಿ ತಗದಾಗ ನಮ್ಮ ಅಬ್ಬಾ ಹಂಡೇಕ ಒದ್ದಿದ್ದ. ಎಂಟು ದಿನ ನನ್ನ ಕೂಡ ಮಾತಾಡಿದ್ದಿಲ್ಲ.”

ಗೌರವ್ವ ನಕ್ಕ ನಗೆಗೆ ಹಿತ್ತಲಿನಿಂದ ಮೆಹಬೂಬಿ ಏನಾಯಿತೆಂದು ಓಡಿ ಬಂದಳು.

ನೀವು ಇಂದು ಕಣ್ಣಿಗೊತ್ತಿಕೊಳ್ಳುವ ‘ಹಿರಿಯರ ಕಾಲದ್ದು’ ಮೊದಲ ದಿನ ಯಾರ ಒದೆ ತಿಂದಿತ್ತೆಂದು ಎಂದಾದರೂ ಕೇಳಿ ನೋಡಿದ್ದೀರಾ?