ಹೆಸರು ಕರೆಯದ ಎಲೆ

ಬ್ಯೂಗಲ್ ಸದ್ದು ಕೇಳಿದರೆ ನನಗೆ ಇಂದಿಗೂ ಒಗ್ಗರಣೆ ಅವಲಕ್ಕಿಯ ವಾಸನೆ ಬರುತ್ತದೆ. ಪುಣೆಯ ಖಡಕಿಯಲ್ಲಿ, ಅಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಪ್ರತಿ ಜನವರಿ ಇಪ್ಪತ್ತಾರರ ಬೆಳಿಗ್ಗೆ ಅಜ್ಜಿ ಅವಲಕ್ಕಿ ತಟ್ಟೆ ಹಿಡಿದು ಟಿವಿ ಮುಂದೆ ಕೂರುತ್ತಿದ್ದಳು. ದಿಲ್ಲಿಯ ಸ್ಮಾರಕದಲ್ಲಿ ಬ್ಯೂಗಲ್ ಊದಿ ಹೂವಿನ ಚಕ್ರ ಇಡುವಾಗ ಮಾತಾಡಿದವರಿಗೆ ಬೈಗುಳ ಖಾತ್ರಿ. ಅವಳ ಕಿರಿಮಗ, ನಾನು ಫೋಟೊದಲ್ಲಷ್ಟೇ ಕಂಡ ವಿಠ್ಠಲ ಕಾಕಾ, ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ. ಸಿಗದ ಮೇಲೆ ಸತ್ತಿಲ್ಲ ಎನ್ನುವುದು ಅಜ್ಜಿಯ ಹಟ.

ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ತೀರಿಕೊಂಡ ಹಿರಿಯರನ್ನು ಹೆಸರು ಹಿಡಿದು ಕರೆದು ಬಾಳೆ ಎಲೆಯಲ್ಲಿ ಎಡೆ ಇಡುತ್ತಾರೆ. ಒಂದು ವರ್ಷ ಅಮ್ಮ ಅಜ್ಜನ ಎಲೆಯ ಪಕ್ಕ ಕಾಕಾನಿಗೂ ಒಂದು ಎಲೆ ಹಾಕಿಬಿಟ್ಟಳು.

“ಜೀವಂತ ಇದ್ದವಗ ಎಡಿ ಇಡತೀ ಏನ?” ಎಂದು ಅಜ್ಜಿ ಸಿಡುಕಿ, ನನ್ನನ್ನೇ ಆ ಎಲೆಗೆ ಕೂರಿಸಿದಳು. ಅಮ್ಮ ಒಳಗೆ ಅಳುತ್ತಿದ್ದಳು. ನಾನು ಹೊಟ್ಟೆಬಾಕಿ, ಎರಡು ಹೋಳಿಗೆ ಹೊಡೆದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನಾನು ಹೈಸ್ಕೂಲಿಗೆ ಬಂದ ವರ್ಷ ಅಜ್ಜಿ ಟಿವಿ ನೋಡುತ್ತಾ, “ಅದು ಯಾವ ಸಾಹೇಬಂದು ಸಮಾಧಿ?” ಎಂದಳು. ಇಷ್ಟು ವರ್ಷ ಯಾರೋ ದೊಡ್ಡ ಅಧಿಕಾರಿಯದೆಂದೇ ತಿಳಿದಿದ್ದಳಂತೆ.

“ಸಾಹೇಬಂದಲ್ಲ ಅಜ್ಜಿ. ಸತ್ತಾರ, ಖರೆ ಯಾರಂತ ಗುರುತು ಸಿಕ್ಕಿಲ್ಲ. ಅಂಥಾ ಸಿಪಾಯಿಗಳಿಗೆ ಕಟ್ಟ್ಯಾರ.”

ತಟ್ಟೆಯಲ್ಲಿ ಅವಲಕ್ಕಿ ಆರಿಹೋಯಿತು. ಅಜ್ಜಿ ಅದನ್ನು ಕೆಳಗಿಟ್ಟು ಕೇಳಿದಳು: “ಹಂಗಾರ ಅವರಿಗೆ ಎಡಿ ಯಾರು ಇಡತಾರ?”

ಆ ಸಲದ ಅಮಾವಾಸ್ಯೆಗೆ ಅಜ್ಜಿ ತಾನೇ ಇನ್ನೊಂದು ಎಲೆ ತೊಳೆದು ಹಾಸಿದಳು. ಅಪ್ಪ ಮೆಲ್ಲಗೆ, “ಅವ್ವಾ, ವಿಠ್ಠಲನ ಹೆಸರು ಕರೀಲೇನು?” ಎಂದರು.

“ಬ್ಯಾಡ. ಇದು ಗುರುತು ಸಿಗದವರಿಗೆ. ಯಾವ ತಾಯಿ ಮಗ ಹಸದಿರತಾನೋ, ಅವ ಉಣ್ಣಲಿ.”

ತುಪ್ಪವನ್ನು ಮಾತ್ರ ಉಳಿದ ಎಲೆಗಿಂತ ಹೆಚ್ಚೇ ಸುರಿದಳು. ಆಮೇಲೆ ಪ್ರತಿ ವರ್ಷವೂ ಹಾಗೇ ನಡೆಯಿತು.

ಈಗ ಆ ಕ್ವಾರ್ಟರ್ಸಿಲ್ಲ, ಕೆಡವಿ ಬಯಲು ಮಾಡಿದ್ದಾರೆ. ಅದಕ್ಕೂ ಮೊದಲೇ ಅಜ್ಜಿ ಹೋದಳು. ಅವಳಿಲ್ಲದ ಮೊದಲ ಮಹಾಲಯಕ್ಕೆ ಮೂರು ಎಲೆ ಬಿದ್ದವು. ಅಪ್ಪ ಅಜ್ಜನನ್ನು ಕರೆದರು, ಅಜ್ಜಿಯನ್ನು ಕರೆದರು. ಮೂರನೆಯದರ ಮುಂದೆ ನಿಂತು ತುಟಿ ಅಲುಗಿಸಿದರು. ತಮ್ಮನ ಹೆಸರು ಕರೆದು ಅತ್ತು ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು, ತಡೆಯುವವರು ಯಾರೂ ಇರಲಿಲ್ಲ.

ಅಪ್ಪ ಕರೆಯಲಿಲ್ಲ. ಕೈಮುಗಿದು, “ಬರ್ರಿ, ಉಣ್ಣರಿ” ಎಂದಷ್ಟೇ ಹೇಳಿದರು.