ನಂದಿಬಟ್ಟಲು ಹೂವಿನ ಜೊತೆ ಕಣ್ಣಾಸ್ಪತ್ರೆಗೆ

ಅನುಗೊಂಡನಹಳ್ಳಿಯಲ್ಲಿ ಬೆಳಗಿನ ಬಸ್ಸು ಹತ್ತುವಾಗ ತಮ್ಮ ಮುನಿರಾಜ ಕಪ್ಪು ಕನ್ನಡಕ ಹಾಕಿಕೊಂಡಿದ್ದ. ನನ್ನ ಚೀಲದಲ್ಲಿ ಅಮ್ಮ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಟ್ಟ ನಂದಿಬಟ್ಟಲು ಹೂಗಳಿದ್ದವು. ಹೋದ ವರ್ಷ ರಕ್ತದ ಕ್ಯಾನ್ಸರಿಗೆಂದು ಅವನಿಗೆ ಅಸ್ಥಿಮಜ್ಜೆ ಕಸಿ ಮಾಡಿದಾಗ ಮಜ್ಜೆ ಕೊಟ್ಟವಳು ನಾನು. ಕಾಯಿಲೆ ಹೋಯಿತು, ಪಿಲ್ಲಗುಂಪೆಯ ಕಾರ್ಖಾನೆಗೆ ಮತ್ತೆ ಕೆಲಸಕ್ಕೂ ಹೊರಟ. ಅಷ್ಟರಲ್ಲಿ ಕಣ್ಣು ಕೆಂಪಾಗಿ, ಮರಳು ಬಿದ್ದಂತೆ ಚುಚ್ಚತೊಡಗಿ, ಎದುರಿಗಿದ್ದವರ ಮುಖವೂ ಮಸುಕಾಯಿತು. ಉಷ್ಣ ಎಂದುಕೊಂಡು ಅಮ್ಮ ದಿನಾ ಈ ಹೂವಿನ ರಸ ಕಣ್ಣಿಗೆ ಹಿಂಡುತ್ತಿದ್ದರು. ಜೀವ ಉಳಿದು ಕಣ್ಣು ಹೋಗುತ್ತದೋ ಎಂದು ನನಗೆ ದಿಗಿಲು.

ಬಸ್ಸಿನಲ್ಲಿ ನನಗೆ ಉಚಿತ, ಅವನಿಗೆ ಟಿಕೆಟ್. "ಮೈಯಲ್ಲಿರೋ ರಕ್ತ ಎಲ್ಲಾ ಅಕ್ಕಂದೇ ಸಾರ್, ನಂಗೂ ಫ್ರೀ ಕೊಡಿ" ಎಂದ. ಕಂಡಕ್ಟರ್ ನಕ್ಕು ಟಿಕೆಟ್ ಹರಿದುಕೊಟ್ಟರು. ಹೊಸಕೋಟೆಯಲ್ಲಿ ಬಸ್ಸು ಬದಲಿಸುವಾಗ ಬಿರಿಯಾನಿಯ ಘಮಕ್ಕೆ ಅವನು ನಿಂತುಬಿಟ್ಟ. ಹೊರಗಿನ ಊಟ ಅವನಿಗಿನ್ನೂ ಕೂಡದು. ಡಬ್ಬಿಯಲ್ಲಿದ್ದ ಚಪಾತಿ ತಿನ್ನಿಸಿ ಬೆಂಗಳೂರಿನ ಬಸ್ಸು ಹತ್ತಿಸಿದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನ ಕೆಳರೆಪ್ಪೆಯೊಳಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಸ್ವಲ್ಪ ಹೊತ್ತು ಕಾದರು. ಪಟ್ಟಿ ಒದ್ದೆಯಾಗಲೇ ಇಲ್ಲ.

"ಕಣ್ಣೀರೇ ಬರ್ತಿಲ್ಲ. ಕಸಿ ಆದವರಲ್ಲಿ ಹೀಗಾಗೋದುಂಟು. ನೀವು ಕೊಟ್ಟ ಜೀವಕೋಶಗಳು ಇವರ ಕಣ್ಣೀರಿನ ಗ್ರಂಥಿನ ಬೇರೆಯವರದು ಅಂದ್ಕೊಂಡು ಹೊಡೀತಿವೆ" ಎಂದರು.

ಅವನ ಭುಜದ ಮೇಲಿದ್ದ ಕೈಯನ್ನು ನಾನು ಹಿಂದಕ್ಕೆ ತೆಗೆದುಕೊಂಡೆ. ಮುನಿರಾಜ ಮಾತ್ರ, "ಚಿಕ್ಕೋನಿದ್ದಾಗಿಂದ ಹೊಡೀತಾನೇ ಇದ್ಲು ಮೇಡಂ. ಈಗ ಒಳಗೂ ಬಿಡ್ತಿಲ್ಲ" ಎಂದ.

ಅವರು ಹಳದಿ ಬಣ್ಣದ ಹನಿ ಹಾಕಿ, ನೀಲಿ ಬೆಳಕಿನಲ್ಲಿ ಎರಡೂ ಕಣ್ಣು ನಿಧಾನವಾಗಿ ನೋಡಿದರು. ಅಷ್ಟು ಹೊತ್ತೂ ನಾನು ಚೀಲವನ್ನು ಹಿಚುಕುತ್ತಲೇ ಇದ್ದೆ.

"ಮೇಲೆ ತರಚಿದೆ ಅಷ್ಟೆ, ಹುಣ್ಣಾಗಿಲ್ಲ. ದೃಷ್ಟಿ ಉಳಿಯುತ್ತೆ. ಹನಿ ತಪ್ಪಿಸಬೇಡಿ, ತೋರಿಸ್ತಾ ಇರಿ. ಕಣ್ಣಿಗೆ ಬೇರೆ ಏನಾದ್ರೂ ಹಾಕ್ತಿದ್ದೀರಾ?"

ಹೂಗಳನ್ನು ತೆಗೆದು ತೋರಿಸಿದೆ. ಅವರು ಗದರಲಿಲ್ಲ. "ಇವರಿಗೆ ರೋಗ ತಡೆಯೋ ಶಕ್ತಿ ಕಮ್ಮಿ, ಸೋಂಕಾಗಿದ್ರೆ ಕಣ್ಣೇ ಹೋಗ್ತಿತ್ತು. ಹೂವ ದೇವರಿಗೇ ಇಡಿ" ಎಂದರು.

ವಾಪಸು ಬರುವಾಗ ಬಸ್ಸಿನಲ್ಲೇ ಅವನಿಗೆ ಹನಿ ಹಾಕಿದೆ. ಹೆಚ್ಚಾಗಿ ಕೆನ್ನೆಯ ಮೇಲೆ ಇಳಿಯಿತು. ಪಕ್ಕದ ಸೀಟಿನ ಅಜ್ಜಿ, "ಯಾಕಪ್ಪಾ ಅಳ್ತೀಯ, ಎಲ್ಲಾ ಸರಿಹೋಗ್ತದೆ" ಎಂದು ಅವನ ಕೈ ಹಿಡಿದುಕೊಂಡರು.

"ಇದು ಔಷಧಿ ಅಜ್ಜಿ. ನಂಗೆ ಅಳೋಕೆ ಬರಲ್ಲ" ಎಂದು ಅವನು ನನ್ನ ಕಡೆ ತಿರುಗಿದ. "ನನ್ನ ಪಾಲಿಂದೂ ಇವಳೇ ಅಳ್ತಾವ್ಳೆ, ನೋಡಿ."

ಹೌದು, ಅಳುತ್ತಿದ್ದೆ. ಅವನಿಗೆ ಅದು ಕಾಣಿಸಿತ್ತು.