ಮುಚ್ಚಳ ಬೇಡವೆಂದು ಬರೆದ ಅರ್ಜಿ

ಹೋದ ವಾರ ನಮ್ಮ ಓಣಿಯ ಹುಸೇನಬಿ ಒಲೆಯ ಮೇಲೆ ಕಾಯುತ್ತಿದ್ದ ಹಾಲನ್ನು ಪಾತ್ರೆ ಸಮೇತ ತಂದು ಮೋರಿಗೆ ಸುರಿದಳು. ಕನ್ನೊಳ್ಳಿಯ ಗಂಡನ ಮನೆಯಿಂದ ಬಾಣಂತನಕ್ಕೆ ಬಂದಿರುವ ಅವಳ ಮಗಳು ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ತಾಯಿಯ ಹಾಲು ಸಾಲದ ಕೂಸು ಅದು. ಮನೆಯ ಆಡಿನ ಹಾಲೇ ಅದಕ್ಕೆ ಆಧಾರ.

ಆ ಆಡು ಅಂಗಳದಲ್ಲಿ ಕಾಲು ಸೆಟೆದು ಸತ್ತು ಬಿದ್ದಿತ್ತು. ಬೆಳಗ್ಗೆ ಹೊರಗೆ ಹೋಗಿ ಬಂದಿತ್ತು, ಹಾಲು ಕರೆದಿದ್ದಳು, ಒಲೆಗೆ ಇಟ್ಟಿದ್ದಳು. ಅಷ್ಟರಲ್ಲಿ ಆಡು ನಡುಗುತ್ತ ಕುಸಿಯಿತು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಆ ಹಾಲು ಎಲ್ಲಿರುತ್ತಿತ್ತು, ಹೇಳಿ?

ಆಡು ತಿಂದದ್ದು ಮೂಲೆಯ ಕಸದ ತೊಟ್ಟಿಯಲ್ಲಿದ್ದ ರೊಟ್ಟಿ. ಬೀದಿನಾಯಿಗಳಿಗೆಂದು ಮುನಸಿಪಾಲ್ಟಿಯವರು ವಿಷ ಹಚ್ಚಿ ಇಡಿಸಿದ ರೊಟ್ಟಿ. ಸಾಕಿದ ನಾಯಿಗಳನ್ನು ಕಟ್ಟಿಕೊಳ್ಳಿ ಎಂದು ಹಿಂದಿನ ದಿನ ಡಂಗುರ ಸಾರಿಸಿದ್ದರು. ಆಡಿನ ಮಾತು ಯಾರೂ ಎತ್ತಲಿಲ್ಲ. (ಆ ತೊಟ್ಟಿಗೆ ಏನೇನು ಬಾಯಿ ಹಾಕುತ್ತದೆ ಎಂದು ಈ ಬುದ್ಧಿವಂತರು ಒಂದು ದಿನವಾದರೂ ನಿಂತು ನೋಡಿದ್ದಾರೆಯೇ?)

ನನಗೆ ಮೈಯೆಲ್ಲ ಉರಿದುಹೋಯಿತು. ಶಾಲೆಯ ಹೊತ್ತು ಮೀರಿದರೂ ಸರಿ ಎಂದು ನೆಟ್ಟಗೆ ಮುನಸಿಪಾಲ್ಟಿಗೆ ಹೋದೆ. ಹೆಡ್ ಕ್ಲಾರ್ಕ್ ಚಹಾ ಕುಡಿಯುತ್ತಿದ್ದರು. ಬಾಯಿಗೆ ಬಂದದ್ದೆಲ್ಲ ಅಂದೆ. ತೊಟ್ಟಿ ಹಗಲೂ ರಾತ್ರಿ ತೆರೆದಿದ್ದರೆ ನಾಯಿ ಬರದೆ ಇರುತ್ತವೆಯೇ? ಹಂದಿ ಬರುತ್ತವೆ, ಕತ್ತೆ ಬರುತ್ತವೆ, ದನ ಬರುತ್ತವೆ. ಎಲ್ಲಕ್ಕೂ ವಿಷ ಹಾಕುತ್ತೀರಾ? ಒಂದು ತಗಡಿನ ಮುಚ್ಚಳ ಹಾಕಿಸಲು ನಿಮಗೇನು ಧಾಡಿ?

ಅವರು ಸಿಟ್ಟಾಗಲಿಲ್ಲ. ಕಪ್ಪು ಕೆಳಗಿಟ್ಟು ಕಪಾಟಿನಿಂದ ಒಂದು ಫೈಲು ತೆಗೆದರು.

"ಮುಚ್ಚಳ ಹಾಕಿಸಿದ್ವಿ ಮಾಸ್ತರ. ನಿಮ್ಮ ಓಣಿಯವ್ರ ಬ್ಯಾಡ ಅಂತ ಅರ್ಜಿ ಕೊಟ್ರು. ನೋಡ್ರಿ, ಅಕ್ಷರದ ಗುರುತು ಹತ್ತತೈತೇನು?"

ಹತ್ತಿತು. ಅಕ್ಷರ ನನ್ನವೇ.

ಹೌದು, ಬೇಸಿಗೆಯಲ್ಲಿ ನಾನೇ ಬರೆದುಕೊಟ್ಟ ಅರ್ಜಿ. ಸಿಟ್ಟಿನ ಭರದಲ್ಲಿ ಅದನ್ನು ಮರೆತೇಬಿಟ್ಟಿದ್ದೆ. ಹೊಸ ಮುಚ್ಚಳಕ್ಕೊಂದು ಹಿಡಿಕೆ ಇತ್ತು. ಆ ಹಿಡಿಕೆಯನ್ನು ದಿನಾ ಬೆಳಗ್ಗೆ ಕಸ ಬಳಿಯುವ ಯಲ್ಲವ್ವ ಹಿಡಿಯುತ್ತಿದ್ದಳು. ಅವಳು ಹಿಡಿದದ್ದನ್ನು ನಮ್ಮ ಮನೆಗಳ ಹೆಂಗಸರು ಹಿಡಿಯುವುದು ಹೇಗೆ? ಕೆಲವರು ಕಟ್ಟಿಗೆಯಿಂದ ಎತ್ತಿ ನೋಡಿದರು. ಕೆಲವರು ಮುಚ್ಚಳದ ಮೇಲೆಯೇ ಕಸ ಸುರಿದು ಬಂದರು. ಕೊನೆಗೆ ಹಿರಿಯರೆಲ್ಲ ನಮ್ಮ ಕಟ್ಟೆಗೆ ಬಂದು ಕೂತರು. ಅರ್ಜಿಯಲ್ಲಿ ಮೈಲಿಗೆ ಎಂದು ಬರೆಯುವಂತಿಲ್ಲ, ಅದಕ್ಕೆ ಈಗ ಕಾಯದೆ ಅಡ್ಡ ಬರುತ್ತದೆ. 'ಮಹಿಳೆಯರಿಗೆ ಎತ್ತಲು ಭಾರವಾಗುತ್ತಿದೆ' ಎಂದು ಮುದ್ದಾಗಿ ಬರೆದೆ. ಬಾವಿಯಿಂದ ಎರಡೆರಡು ಕೊಡ ಹೊತ್ತು ತರುವವರಿಗೆ ಒಂದು ತಗಡು ಭಾರವಂತೆ!

ಸುಳ್ಳೆಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ನೆರೆಹೊರೆಯವರನ್ನು ಯಾಕೆ ಎದುರು ಹಾಕಿಕೊಳ್ಳಬೇಕು ಎಂದು ಸುಮ್ಮನಾದೆ. ಮರುದಿನ ತರಗತಿಯಲ್ಲಿ ನಿಂತು, ಮನುಷ್ಯರೆಲ್ಲ ಸಮಾನರು ಎಂದು ಪಾಠ ಹೇಳಿದೆ. ಥೂ, ನನ್ನ ಮಾಸ್ತರಿಕೆಗಿಷ್ಟು ಬೆಂಕಿ ಹಾಕ!

ಆಡು ಸತ್ತ ದಿನವೇ ಸಂಜೆ ಹುಸೇನಬಿಗೆ ಎಲ್ಲ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಒಳಗೆ ಕೂಸು ಹಸಿದು ಅಳುತ್ತಿತ್ತು. ಪಕ್ಕದ ಮನೆಯ ಎಮ್ಮೆಯ ಹಾಲು ತರಲು ಅವಳಿಗೆ ಭಯ. ಆ ಎಮ್ಮೆಯೂ ಅದೇ ತೊಟ್ಟಿಗೆ ಬಾಯಿ ಹಾಕಿದ್ದರೆ?

"ಮುಚ್ಚಳ ಮುಟ್ಟಾಕ ಆಗೂದಿಲ್ಲಂದ್ರ ನನಗ ಹೇಳಬೇಕಿತ್ತಲ್ರಿ ಮಾಸ್ತರ," ಎಂದಳು. "ದಿನಾ ಬಂದು ನಾನ ಎತ್ತಿ ಕೊಡ್ತಿದ್ನಿ."



ಈಗ ಮುಚ್ಚಳ ಬೇಕೆಂದು ಇನ್ನೊಂದು ಅರ್ಜಿ ಬರೆದಿದ್ದೇನೆ. ಸಹಿಗಾಗಿ ಮೂರು ದಿನ ಮನೆ ಮನೆ ತಿರುಗಿದೆ. ನನ್ನ ಸಹಿ ಇದೆ, ಹುಸೇನಬಿಯ ಹೆಬ್ಬೆಟ್ಟಿದೆ. ಮೂರನೆಯದು ಇನ್ನೂ ಬಿದ್ದಿಲ್ಲ. ಆಡು ಸತ್ತದ್ದು ಪಾಪವೇ ಎನ್ನುತ್ತಾರೆ, ಆದರೆ ಆ ಹಿಡಿಕೆ ಹಿಡಿಯುವವರು ಯಾರು ಎಂದು ನನ್ನನ್ನೇ ಕೇಳುತ್ತಾರೆ.

ನಮ್ಮ ಕೈಗಳೇನೋ ಮಡಿಯಾಗಿಯೇ ಉಳಿದವು ಸ್ವಾಮಿ, ಆ ಕೂಸಿಗೆ ಇವತ್ತು ಹಾಲು ಯಾರು ಕೊಡುತ್ತೀರಿ?